ಒಂದರಿಂದ ಐದು: ಪ್ರಾಸ್ಟೇಟ್ ಎಂಆರ್‌ಐಗೆ ಅಂಕ ಬಂದ ಕಥೆ

ಇವತ್ತಿನ ಎಪಿಸೋಡ್ ಒಂದು ಅಂಕಿಯ ಬಗ್ಗೆ. ವಯಸ್ಸಾದ ಗಂಡಸರ ಪ್ರಾಸ್ಟೇಟ್ ಎಂಆರ್‌ಐ ರಿಪೋರ್ಟ್‌ನಲ್ಲಿ ‘ಪೈ-ರ್‍ಯಾಡ್ಸ್ 3’, ‘ಪೈ-ರ್‍ಯಾಡ್ಸ್ 4’ ಅಂತ ಬರೆದಿರುತ್ತೆ. ಅದನ್ನ ನೋಡಿ ಕ್ಯಾನ್ಸರ್ ನಾಲ್ಕನೇ ಸ್ಟೇಜ್‌ಗೆ ಹೋಗಿದೆ ಅಂದ್ಕೊಂಡು ಮನೆಯವರೆಲ್ಲ ಕಂಗಾಲಾಗೋದು ಸುಲಭ. ಆದ್ರೆ ಅದು ಸ್ಟೇಜ್ ಅಲ್ಲ. ಹಾಗಾದ್ರೆ ಏನು? ಸ್ವಲ್ಪ ಹಿಂದಕ್ಕೆ ಹೋಗೋಣ.

ಪ್ರಾಸ್ಟೇಟ್ ಅಂದ್ರೆ ಗಂಡಸರಲ್ಲಿ ಮೂತ್ರಕೋಶದ ಕೆಳಗಿರುವ ಸಣ್ಣ ಗ್ರಂಥಿ. ಅಲ್ಲಿನ ಕ್ಯಾನ್ಸರ್ ಪತ್ತೆಹಚ್ಚೋಕೆ ಪಿಎಸ್‌ಎ ಅನ್ನೋ ರಕ್ತಪರೀಕ್ಷೆ ಬಳಸಬಹುದು ಅಂತ ಅಮೆರಿಕ 1994ರಲ್ಲಿ ಒಪ್ಪಿಗೆ ಕೊಡ್ತು. ಸಮಸ್ಯೆ ಏನಂದ್ರೆ, ಪಿಎಸ್‌ಎ ಏರೋಕೆ ಕ್ಯಾನ್ಸರೇ ಆಗ್ಬೇಕಿಲ್ಲ. ಗ್ರಂಥಿ ಊದಿಕೊಂಡ್ರೂ ಏರುತ್ತೆ, ಸೋಂಕಾದ್ರೂ ಏರುತ್ತೆ. ಆಗೆಲ್ಲ ಏರಿದ್ರೆ ಮುಂದಿನ ಹೆಜ್ಜೆ ಬಯಾಪ್ಸಿಯಾಗಿತ್ತು: ಗುದದ್ವಾರದ ಮೂಲಕ ಸೂಜಿ ಹಾಕಿ ಚೂರು ತೆಗೆಯೋದು. 1989ರಲ್ಲಿ ಸ್ಟ್ಯಾನ್‌ಫರ್ಡ್‌ನ ವೈದ್ಯರು ಆರು ಕಡೆ ಚುಚ್ಚುವ ಕ್ರಮ ತಂದ್ರು. ಆಮೇಲೆ ಅದು ಹನ್ನೆರಡರವರೆಗೂ ಹೋಯ್ತು.

ಅಲ್ಟ್ರಾಸೌಂಡ್‌ನಲ್ಲಿ ಗ್ರಂಥಿ ಕಾಣುತ್ತೆ, ಅದರೊಳಗಿನ ಗಡ್ಡೆ ಎಷ್ಟೋ ಸಲ ಕಾಣಲ್ಲ. ಹಾಗಾಗಿ ಇದು ಒಂಥರಾ ಕತ್ತಲಲ್ಲಿ ಕೈ ಆಡಿಸಿದ ಹಾಗೆ. ಅಪಾಯದ ಗಡ್ಡೆ ಸೂಜಿಗೆ ಸಿಗದೇ ಉಳೀತಿತ್ತು. ಜೀವಮಾನವಿಡೀ ಏನೂ ಮಾಡದಂಥ ಸಣ್ಣ ಗಡ್ಡೆ ಸಿಕ್ಕಿ, ಅದಕ್ಕೆ ಆಪರೇಷನ್ನೂ ಆಗ್ತಿತ್ತು. ಆ ಆಪರೇಷನ್ ಆದ ಮೇಲೆ ಕೆಲವರಿಗೆ ಮೂತ್ರ ತಡೆಯೋಕಾಗಲ್ಲ, ಲೈಂಗಿಕ ಶಕ್ತಿ ಕುಂದುತ್ತೆ.

ಪ್ರಾಸ್ಟೇಟ್‌ಗೆ ಎಂಆರ್‌ಐ ಮಾಡೋದು 1980ರ ದಶಕದಿಂದಲೂ ಇತ್ತು. ಆಗೆಲ್ಲ ಅದು ಬಯಾಪ್ಸಿ ಆದ ಮೇಲೆ, ಕ್ಯಾನ್ಸರ್ ಎಷ್ಟು ಹರಡಿದೆ ಅಂತ ನೋಡೋಕೆ. ಮುಂದೆ ಡಿಫ್ಯೂಷನ್ ಅನ್ನೋ ವಿಧಾನ ಸೇರ್ಕೊಂಡ್ತು. ಜಾತ್ರೆ ಜನರ ನಡುವೆ ಓಡಾಡೋಕೆ ಕಷ್ಟ ಅಲ್ವಾ? ಹಾಗೇ ಜೀವಕೋಶಗಳು ಒತ್ತೊತ್ತಾಗಿರುವ ಗಡ್ಡೆಯಲ್ಲಿ ನೀರಿನ ಅಣುಗಳು ಸರಾಗವಾಗಿ ಚಲಿಸಲ್ಲ. ಆ ಜಾಗ ಚಿತ್ರದಲ್ಲಿ ಎದ್ದು ಕಾಣುತ್ತೆ.

ಚಿತ್ರವೇನೋ ಬಂತು, ಓದೋದು ಹೇಗೆ? ಒಬ್ಬ ರೇಡಿಯಾಲಜಿಸ್ಟ್ ‘ಅನುಮಾನ ಇದೆ’ ಅಂತ ಬರೆದ್ರೆ, ಇನ್ನೊಬ್ಬರು ‘ತಳ್ಳಿಹಾಕುವಂತಿಲ್ಲ’ ಅಂತಿದ್ರು. ನಾನು ಓದಿದ್ದು ಕಾಮರ್ಸ್, ಹಾಗಾಗಿ ಹೀಗೆ ಹೇಳ್ತೀನಿ: ಒಂದೊಂದು ಕಂಪನಿ ಒಂದೊಂದು ರೀತಿ ಬ್ಯಾಲೆನ್ಸ್ ಶೀಟ್ ಬರೆದ್ರೆ ಹೋಲಿಸೋದು ಹೇಗೆ?

ಸ್ತನ ಕ್ಯಾನ್ಸರ್‌ನ ಮ್ಯಾಮೋಗ್ರಾಮ್‌ಗೂ ಇದೇ ಗೊಂದಲ ಇತ್ತು. ಅಮೆರಿಕದ ರೇಡಿಯಾಲಜಿ ಕಾಲೇಜು 1993ರಲ್ಲಿ ‘ಬೈ-ರ್‍ಯಾಡ್ಸ್’ ತಂದು ಅದಕ್ಕೊಂದು ಕ್ರಮ ಕೊಟ್ಟಿತ್ತು. ಅದೇ ದಾರಿಯಲ್ಲಿ 2012ರಲ್ಲಿ ಯುರೋಪಿನ ತಜ್ಞರ ಸಂಘ ಪೈ-ರ್‍ಯಾಡ್ಸ್‌ನ ಮೊದಲ ಆವೃತ್ತಿ ಪ್ರಕಟಿಸಿತು. 2015ರ ಎರಡನೇ ಆವೃತ್ತಿಗೆ ಅಮೆರಿಕನ್ನರೂ ಕೈಜೋಡಿಸಿದರು. 1 ಅಂದ್ರೆ ಅಪಾಯದ ಕ್ಯಾನ್ಸರ್ ಇರುವ ಸಾಧ್ಯತೆ ತೀರಾ ಕಡಿಮೆ, 5 ಅಂದ್ರೆ ತುಂಬಾ ಹೆಚ್ಚು. 3 ಅಂದ್ರೆ ಹೌದು ಅನ್ನೋಕೂ ಆಗಲ್ಲ, ಇಲ್ಲ ಅನ್ನೋಕೂ ಆಗಲ್ಲ. ಗ್ರಂಥಿಯ ಹೊರಭಾಗದಲ್ಲಿ ಡಿಫ್ಯೂಷನ್ ಚಿತ್ರದ ಮಾತು ಮುಖ್ಯ, ಒಳಭಾಗದಲ್ಲಿ ಟಿ2 ಚಿತ್ರದ್ದು. ಅಂದ್ರೆ ಇದು ಅನುಮಾನಕ್ಕೆ ಕೊಟ್ಟ ಅಂಕ, ರೋಗಕ್ಕಲ್ಲ.

ಎಂಆರ್‌ಐಯನ್ನ ಬಯಾಪ್ಸಿಗಿಂತ ಮೊದಲು ತರಬಹುದಾ? 2017ರಲ್ಲಿ ಬ್ರಿಟನ್ನಿನ ‘ಪ್ರಾಮಿಸ್’ ಅಧ್ಯಯನ 576 ಗಂಡಸರನ್ನ ಪರೀಕ್ಷಿಸಿತು. ಅಪಾಯದ ಕ್ಯಾನ್ಸರ್ ಇದ್ದ ಪ್ರತಿ 100 ಜನರಲ್ಲಿ ಹಳೆಯ ಬಯಾಪ್ಸಿ ಹಿಡಿದದ್ದು 48, ಎಂಆರ್‌ಐ 93. ಆದ್ರೆ ಅಂಥ ಕ್ಯಾನ್ಸರ್ ಇಲ್ಲದ 100 ಜನರಲ್ಲಿ ಎಂಆರ್‌ಐ ಸರಿಯಾಗಿ ‘ಇಲ್ಲ’ ಅಂದಿದ್ದು 41 ಜನಕ್ಕೆ ಮಾತ್ರ. ಅದಕ್ಕೇ ಅಂಕ ಹೆಚ್ಚಿದ್ರೂ ಬಯಾಪ್ಸಿಯೇ ಖಚಿತ ಮಾಡ್ಬೇಕು.

ಮರುವರ್ಷ ‘ಪ್ರಿಸಿಷನ್’ ಅಧ್ಯಯನ ಬಂತು. 11 ದೇಶಗಳ 500 ಗಂಡಸರು, ಓದಿದ್ದು ಪೈ-ರ್‍ಯಾಡ್ಸ್ ಪ್ರಕಾರ. ಎಂಆರ್‌ಐ ನೋಡಿ ಗುರಿಯಿಟ್ಟು ಚುಚ್ಚಿದ ಗುಂಪಿನಲ್ಲಿ ಅಪಾಯದ ಕ್ಯಾನ್ಸರ್ ಸಿಕ್ಕಿದ್ದು 38% ಜನರಲ್ಲಿ, ಹಳೆಯ ಕ್ರಮದಲ್ಲಿ 26%. ಎಂಆರ್‌ಐ ಗುಂಪಿನ 28% ಜನಕ್ಕೆ ಸೂಜಿಯೇ ಬೇಕಾಗಲಿಲ್ಲ.

ಕಥೆ ಇಲ್ಲಿಗೆ ಮುಗಿದಿಲ್ಲ. ಬ್ರಿಟನ್ 2019ರಲ್ಲಿ ಎಂಆರ್‌ಐ ಮೊದಲು ಅಂದ್ರೂ, ಓದುವವರ ಒಟ್ಟು ಅನುಭವಕ್ಕೆ ಬೆಲೆ ಕೊಡುವ ‘ಲೈಕರ್ಟ್’ ಅಂಕವನ್ನೇ ಇಟ್ಕೊಂಡಿತು. ಅದೇ ವರ್ಷ ಪೈ-ರ್‍ಯಾಡ್ಸ್ 2.1 ಆವೃತ್ತಿ ಬಂದು ಗೊಂದಲದ ನಿಯಮಗಳನ್ನ ತಿದ್ದಿತು. ಇಷ್ಟಾದ್ರೂ ಒಂದೇ ಚಿತ್ರಕ್ಕೆ ಇಬ್ಬರು ಬೇರೆ ಬೇರೆ ಅಂಕ ಕೊಡೋದುಂಟು.

ಹಾಗಾಗಿ ಮನೆಯಲ್ಲಿ ಯಾರದಾದ್ರೂ ರಿಪೋರ್ಟ್‌ನಲ್ಲಿ ಈ ಅಂಕಿ ಕಂಡ್ರೆ, ಗೂಗಲ್ ಮಾಡಿ ಹೆದರಬೇಡಿ, ಕಡಿಮೆ ಇದೆ ಅಂತ ಮೈಮರೆಯಲೂ ಬೇಡಿ. ಈ ಅಂಕ ಚಿತ್ರವನ್ನ ಮಾತ್ರ ನೋಡಿ ಕೊಟ್ಟಿದ್ದು. ಪಿಎಸ್‌ಎ, ವಯಸ್ಸು, ಕುಟುಂಬದಲ್ಲಿ ಯಾರಿಗಾದ್ರೂ ಬಂದಿತ್ತಾ ಅನ್ನೋದು, ಇವೆಲ್ಲ ಅದರಲ್ಲಿ ಸೇರಿಲ್ಲ. ಅವನ್ನೂ ಜೊತೆಗಿಟ್ಟು ಯೂರಾಲಜಿಸ್ಟ್ ಹತ್ರ ಮಾತಾಡಿ. ಅಪ್ಪಂದಿರು ಇಂಥ ವಿಷಯ ತಾವಾಗಿ ಎತ್ತಲ್ಲ. ನೀವೇ ಕೇಳಿ.

ಇವತ್ತಿಗೆ ಇಷ್ಟು. ಮುಂದಿನ ವಾರ ಸಿಗೋಣ.