ವಾಗ್ಗೇಯಕಾರನ ರುಜು

1971ನೆಯ ಇಸವಿಯ ನವೆಂಬರ್ ತಿಂಗಳಲ್ಲಿ ಅಮೇರಿಕೆಯಲ್ಲಿ ‘ಕೋಲ್ಡ್ ಸ್ಪ್ರಿಂಗ್ ಹಾರ್ಬರ್’ ಎಂಬ ಗೀತಸಂಪುಟವೊಂದು ಹೊರಬಿದ್ದಿತು. ಹಾಡಿದವನು ಬಿಲಿ ಜೋಯೆಲ್ ಎಂಬ ಇಪ್ಪತ್ತೆರಡು ವರ್ಷದ ತರುಣನು. ಹಾಡುಗಳ ಮಾತು ಅವನದು, ಮಟ್ಟು ಅವನದು, ಪಿಯಾನೊ ನುಡಿಸಿದ ಕೈಯೂ ಅವನದೇ. ಆದರೆ ತಟ್ಟೆಯಿಂದ ಹೊರಟ ಕಂಠ ಮಾತ್ರ ಅವನದಾಗಿರಲಿಲ್ಲ. ಮೂಲದಿಂದ ಪ್ರತಿಯನ್ನು ತೆಗೆಯುವಾಗ ಯಂತ್ರದ ವೇಗದಲ್ಲಿ ತಪ್ಪು ನಡೆದು, ಧ್ವನಿಯು ಇದ್ದುದಕ್ಕಿಂತ ಮೇಲಿನ ಶ್ರುತಿಗೆ ಏರಿ ಕೀರಲಾಗಿದ್ದಿತು. ಗ್ರಾಮಫೋನು ಅಳತೆಮೀರಿದ ವೇಗದಿಂದ ತಿರುಗಿದರೆ ಗಂಭೀರವಾದ ಗಂಡುದನಿಯೂ ಎಳೆಯ ಮಕ್ಕಳ ದನಿಯಂತೆ ಕೇಳುವುದೆಂಬುದನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಈ ತಪ್ಪನ್ನು ತಿದ್ದಿದ ಪ್ರತಿ ಹೊರಬಂದುದು 1983ರಲ್ಲಿ; ಆ ತಿದ್ದುಪಡಿಯಲ್ಲಿಯೂ ಹಾಡಿದವನ ಕೈ ಇರಲಿಲ್ಲ. ತನ್ನ ಸಂಪುಟದ ಮೇಲಣ ಅಧಿಕಾರವನ್ನು ಆತನು ಮೊದಲೇ ರುಜು ಹಾಕಿ ಬಿಟ್ಟುಕೊಟ್ಟಿದ್ದನು.

ಇಂದು ಬಿಲಿ ಜೋಯೆಲನ ಹೆಸರು ಕೇಳಿದೊಡನೆ ಜನರು ನೆನೆಯುವುದು ಮಾರಾಟದ ಲೆಕ್ಕವನ್ನು ಮತ್ತು ಮನೆಮಾತಾದ ಹತ್ತಿಪ್ಪತ್ತು ಹಾಡುಗಳನ್ನು. ಆದರೆ ಆತನು ಏಕಾಕಿಯಾಗಿ ನಡೆಸಿದ ಐವತ್ತು ವರ್ಷಗಳ ವೃತ್ತಿಯ ಇತಿಹಾಸವನ್ನು ಹಾಡುಗಳ ಪಟ್ಟಿಯಿಂದಲ್ಲ, ಕಾಗದಪತ್ರಗಳಿಂದ ಓದಿದರೆ ಬೇರೊಂದು ಕಥೆ ಕಾಣಿಸುತ್ತದೆ. ಒಬ್ಬನು ಕಟ್ಟಿದ ಹಾಡಿನ ಮೇಲೆ ಒಡೆತನ ಯಾರದು ಎಂಬ ಪ್ರಶ್ನೆಯೇ ಆ ಕಥೆಯ ತಿರುಳು.

ಭಾರತದ ಸಂಗೀತಶಾಸ್ತ್ರಕ್ಕೆ ಇಂಥ ಕಲಾವಿದನು ಹೊಸಬನಲ್ಲ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಆಸ್ಥಾನದಲ್ಲಿದ್ದ ಶಾರ್ಙ್ಗದೇವನು ತನ್ನ ‘ಸಂಗೀತರತ್ನಾಕರ’ದಲ್ಲಿ, ಹಾಡಿನ ಸಾಹಿತ್ಯವನ್ನು ಮಾತು ಎಂದೂ ಅದರ ಗೇಯವನ್ನು ಧಾತು ಎಂದೂ ಕರೆದು, ಎರಡನ್ನೂ ರಚಿಸಬಲ್ಲವನೇ ವಾಗ್ಗೇಯಕಾರನೆಂದು ಹೇಳಿದ್ದಾನೆ. ಧಾತುವಿನಲ್ಲಿ ಗಟ್ಟಿಗನಾಗಿ ಮಾತಿನಲ್ಲಿ ಸಪ್ಪೆಯಾದವನು ಮಧ್ಯಮನು. ಮಾತು ಚೆನ್ನಾಗಿದ್ದು ಧಾತು ಮಂದವಾದವನು ಅಧಮನು. ಜೋಯೆಲನ ಸಮಕಾಲೀನನೂ ಪಿಯಾನೊವಾದಕನೂ ಆದ ಇಂಗ್ಲೆಂಡಿನ ಎಲ್ಟನ್ ಜಾನನ ಬಹುಪಾಲು ಹಾಡುಗಳ ಮಾತು ಬರ್ನಿ ಟಾಪಿನ್ ಎಂಬ ಕವಿಯದು. ಜೋಯೆಲನಾದರೋ ಎರಡನ್ನೂ ತಾನೇ ಹೊತ್ತವನು. ಮೊದಲು ಮಟ್ಟು ಹುಟ್ಟುವುದೆಂದೂ ಮಾತನ್ನು ಅದಕ್ಕೆ ಆಮೇಲೆ ಹೊಂದಿಸುವುದೆಂದೂ ಆತನು ಪದೇಪದೇ ಹೇಳಿದ್ದಾನೆ. ಆತನ ಮಾತು ಕೆಲವೆಡೆ ಮಟ್ಟಿನ ಅಚ್ಚಿಗೆ ಸುರಿದಂತೆ ಸಲೀಸಾಗಿಯೂ ಕೆಲವೆಡೆ ತುರುಕಿದಂತೆಯೂ ತೋರುವುದಕ್ಕೆ ಕಾರಣ ಇಲ್ಲಿಯೇ ಇದ್ದೀತು.

ಆತನ ಮನೆತನದಲ್ಲಿ ಒಂದು ಹಳೆಯ ಕ್ರಯಪತ್ರದ ನೆನಪೂ ಇದ್ದಿತು. ಅಜ್ಜನಾದ ಕಾರ್ಲ್ ಜೋಯೆಲನು ಜರ್ಮನಿಯ ನ್ಯೂರೆಂಬರ್ಗಿನಲ್ಲಿ, ಅಂಚೆಯ ಮೂಲಕ ಮನೆಮನೆಗೆ ಬಟ್ಟೆ ಕಳುಹಿಸುವ ದೊಡ್ಡ ವ್ಯಾಪಾರವನ್ನು ಕಟ್ಟಿದ ಯಹೂದ್ಯನು. ನಾಜಿಗಳ ಕಿರುಕುಳ ಹೆಚ್ಚಲು ಅದನ್ನು ಬರ್ಲಿನ್ನಿಗೆ ಸಾಗಿಸಿದನು. 1938ರಲ್ಲಿ ಆ ಸಂಸ್ಥೆಯನ್ನು ಯೋಸೆಫ್ ನೆಕರ್‌ಮನ್ ಎಂಬವನಿಗೆ ಅತ್ಯಲ್ಪ ಬೆಲೆಗೆ ಮಾರಲೇಬೇಕಾಯಿತು. ಗೊತ್ತುಮಾಡಿದ ಹಣವೂ ಆಗ ಕೈಗೆ ಬರಲಿಲ್ಲ. ಸಂಸಾರವು ಸ್ವಿಟ್ಸರ್ಲೆಂಡಿಗೆ ಓಡಿ, ಅಲ್ಲಿಂದ ಕ್ಯೂಬಾ ದ್ವೀಪದ ಮಾರ್ಗವಾಗಿ ನ್ಯೂಯಾರ್ಕನ್ನು ಸೇರಿತು. ಉಳಿದ ಬಂಧುಗಳಲ್ಲಿ ಕೆಲವರು ಆಶ್‌ವಿಟ್ಸಿನಲ್ಲಿ ಮಡಿದರು. ಯುದ್ಧಾನಂತರ ನೆಕರ್‌ಮನ್ನನು ಪಶ್ಚಿಮ ಜರ್ಮನಿಯ ಹೆಸರಾಂತ ವರ್ತಕರಲ್ಲೊಬ್ಬನಾದನು. ಕಾರ್ಲನಿಗೆ ಪರಿಹಾರವೆಂದು ಏನಾದರೂ ದೊರೆತುದು 1957ರ ಸುಮಾರಿಗೆ. ಕಾರ್ಲನ ಮಗ ಹೆಲ್ಮುಟ್ ಶಾಸ್ತ್ರೀಯ ಪಿಯಾನೊ ಬಲ್ಲವನು. ಅವನ ಮಗನೇ 1949ರ ಮೇ 9ರಂದು ನ್ಯೂಯಾರ್ಕಿನ ಬ್ರಾಂಕ್ಸಿನಲ್ಲಿ ಹುಟ್ಟಿ, ಲಾಂಗ್ ಐಲೆಂಡಿನ ಹಿಕ್ಸ್‌ವಿಲ್ಲಿನಲ್ಲಿ ಬೆಳೆದ ವಿಲಿಯಂ ಮಾರ್ಟಿನ್ ಜೋಯೆಲ್. ಮಗನಿಗೆ ಎಂಟು ವರ್ಷವಾಗುವ ಹೊತ್ತಿಗೆ ತಂದೆತಾಯಿಗಳು ಬೇರೆಯಾದರು. ತಂದೆ ಯುರೋಪಿಗೆ ಮರಳಿ ವಿಯೆನ್ನಾದಲ್ಲಿ ನೆಲಸಿದನು. ತಾಯಿ ರೊಸಲಿಂಡಳು ಬಡತನದಲ್ಲಿಯೂ ಹುಡುಗನ ಪಿಯಾನೊ ಪಾಠವನ್ನು ಬಿಡಿಸಲಿಲ್ಲ.

1964ರ ಫೆಬ್ರವರಿಯಲ್ಲಿ ಬೀಟಲ್ಸ್ ತಂಡವು ಅಮೇರಿಕದ ದೂರದರ್ಶನದಲ್ಲಿ ಕಾಣಿಸಿಕೊಂಡುದು ಅಸಂಖ್ಯ ಹುಡುಗರಂತೆ ಈ ಹುಡುಗನ ದಾರಿಯನ್ನೂ ತಿರುಗಿಸಿತು. ರಾತ್ರಿಯೆಲ್ಲ ಮದ್ಯದಂಗಡಿಗಳಲ್ಲಿ ಪಿಯಾನೊ ಬಾರಿಸಿ ಮನೆಗೆ ನಾಲ್ಕು ಕಾಸು ತರುತ್ತಿದ್ದವನು ಒಂದು ಬೆಳಿಗ್ಗೆ ಪರೀಕ್ಷೆಗೆ ತಪ್ಪಿಸಿಕೊಂಡನು. ಶಾಲೆಯ ಪ್ರಮಾಣಪತ್ರ ಕೈತಪ್ಪಿತು. (ಅದೇ ಶಾಲೆ 1992ರಲ್ಲಿ ಕರೆದು ಅದನ್ನು ಕೊಟ್ಟಿತು.) ‘ಹ್ಯಾಸಲ್ಸ್’ ಎಂಬ ತಂಡದಲ್ಲಿ ಎರಡು ಸಂಪುಟಗಳಾದುವು. 1970ರಲ್ಲಿ ಗೆಳೆಯನೊಬ್ಬನ ಜತೆಗೂಡಿ ‘ಅಟಿಲಾ’ ಎಂಬ ಹೆಸರಿನಿಂದ ಮಾಡಿದ ಗದ್ದಲದ ಸಂಪುಟವನ್ನು ಕುರಿತು ಹೆಚ್ಚು ಹೇಳದಿರುವುದೇ ಲೇಸು. ಆತನೂ ಅದನ್ನು ಹೊಗಳಿಕೊಂಡಿಲ್ಲ. ಆ ಜೋಡಿ ಮುರಿಯಿತು, ಗೆಳೆತನವೂ ಮುರಿಯಿತು. ಹತಾಶನಾದ ತರುಣನು ಬದುಕನ್ನೇ ಮುಗಿಸಿಕೊಳ್ಳಲೆಳಸಿ, ಕೊನೆಗೆ ತಾನಾಗಿ ಆಸ್ಪತ್ರೆಯನ್ನು ಸೇರಿ ಹೊರಬಂದನು. ಇಂಥ ಗಳಿಗೆಯಲ್ಲಿ ಆತನ ಮುಂದೆ ಬಂದುದು ಆರ್ಟಿ ರಿಪ್ ಎಂಬವನ ‘ಫ್ಯಾಮಿಲಿ ಪ್ರೊಡಕ್ಷನ್ಸ್’ ಸಂಸ್ಥೆಯ ಕರಾರು. ಕೈಯಲ್ಲಿ ಕಾಸಿಲ್ಲದವನು ಅದಕ್ಕೆ ರುಜು ಹಾಕಿದನು. ಹಾಡುಗಳ ಪ್ರಕಟನೆಯ ಹಕ್ಕೂ ಅದರಲ್ಲಿ ಹೊರಟುಹೋಯಿತು.

ಕೀರಲುದನಿಯ ಸಂಪುಟ ಬಿದ್ದುಹೋದ ಮೇಲೆ ಜೋಯೆಲನು ಖಂಡದ ಇನ್ನೊಂದು ತುದಿಯ ಲಾಸ್ ಏಂಜಲ್ಸಿಗೆ ಹೋಗಿ ಅಡಗಿದನು. ಕರಾರಿನ ಹಗ್ಗದಿಂದ ಬಿಡಿಸಿಕೊಳ್ಳುವ ಉಪಾಯ ಹೊಳೆಯುವ ತನಕ ಹೊಟ್ಟೆ ಹೊರೆಯಬೇಕಾಗಿದ್ದಿತು. ‘ಎಕ್ಸಿಕ್ಯುಟಿವ್ ರೂಮ್’ ಎಂಬ ಮದ್ಯಶಾಲೆಯಲ್ಲಿ ಆರು ತಿಂಗಳ ಕಾಲ ‘ಬಿಲ್ ಮಾರ್ಟಿನ್’ ಎಂಬ ಹೆಸರಿನಿಂದ ಪಿಯಾನೊ ನುಡಿಸಿದನು. ಸ್ವಂತ ಹೆಸರನ್ನೂ ಬಳಸಲಾರದ ಈ ಅಜ್ಞಾತವಾಸವೇ ಆತನಿಗೆ ಕೀರ್ತಿ ತಂದ ಹಾಡಿನ ತವರು. ಶನಿವಾರದ ಸಂಜೆ ಅಂಥ ಅಂಗಡಿಯಲ್ಲಿ ಕೂಡುವ ಒಂಟಿ ಜನರನ್ನು ಒಬ್ಬೊಬ್ಬರನ್ನಾಗಿ ತೋರಿಸುವ ‘ಪಿಯಾನೊ ಮ್ಯಾನ್’ ಹಾಡು ಅಲ್ಲಿ ಕಂಡ ಮುಖಗಳಿಂದಲೇ ಕಟ್ಟಿದುದು.

ಅಷ್ಟರಲ್ಲಿ ಫಿಲಡೆಲ್ಫಿಯಾ ನಗರದ ರೇಡಿಯೊ ನಿಲಯವೊಂದು, 1972ರಲ್ಲಿ ತಾನು ಪ್ರಸಾರ ಮಾಡಿದ್ದ ಆತನ ಕಛೇರಿಯಿಂದ ‘ಕ್ಯಾಪ್ಟನ್ ಜಾಕ್’ ಎಂಬ ಹಾಡನ್ನೆತ್ತಿ ಮತ್ತೆ ಮತ್ತೆ ಕೇಳಿಸತೊಡಗಿದ್ದಿತು. ತಟ್ಟೆಯಾಗಿ ಮಾರಾಟಕ್ಕೇ ಬಾರದ ಹಾಡು ಒಂದು ನಗರದಲ್ಲಿ ಮನೆಮಾತಾಯಿತು. ಇದರ ಗುಲ್ಲು ಕೊಲಂಬಿಯ ಕಂಪನಿಯ ಮುಖ್ಯನಾದ ಕ್ಲೈವ್ ಡೇವಿಸನ ಕಿವಿಗೆ ಬಿದ್ದು, ಹೊಸ ಕರಾರು ಸಿದ್ಧವಾಯಿತು. ಆದರೆ ಹಳೆಯದು ಹರಿಯಲಿಲ್ಲ. ಮುಂದೆ ಅನೇಕ ವರ್ಷಗಳವರೆಗೆ ಮಾರಾಟವಾದ ಒಂದೊಂದು ತಟ್ಟೆಯಿಂದಲೂ ರಿಪ್ಪನಿಗೆ ಪಾಲು ಸಲ್ಲಬೇಕಾಗಿದ್ದಿತು. ಅವನ ಸಂಸ್ಥೆಯ ಗುರುತು ತಟ್ಟೆಗಳ ಮೇಲೆ ಅಚ್ಚಾಗಬೇಕಾಗಿದ್ದಿತು. ಪ್ರಕಟನೆಯ ಹಕ್ಕನ್ನು ತರುವಾಯದ ವರ್ಷಗಳಲ್ಲಿ ಕಂಪನಿಯ ಅಧ್ಯಕ್ಷನಾದ ವಾಲ್ಟರ್ ಯೆಟ್ನಿಕಾಫನು ರಿಪ್ಪನಿಂದ ಬಿಡಿಸಿಕೊಂಡು ಜೋಯೆಲನಿಗೆ ಹುಟ್ಟುಹಬ್ಬದ ಉಡುಗೊರೆಯಾಗಿ ಕೊಟ್ಟನು. ಹಾಡು ಕಟ್ಟಿದವನಿಗೆ ಅವನ ಹಾಡನ್ನೇ ಉಡುಗೊರೆ ಕೊಡುವುದು ವಿಚಿತ್ರವಾದ ಔದಾರ್ಯ! ರಿಪ್ಪನಿಗೂ ನ್ಯಾಯವಾಗಿ ಸಲ್ಲಬೇಕಾದ ಒಂದು ಮಾತಿದೆ. ಯಾರೂ ಮುಂದೆ ಬಾರದಿದ್ದಾಗ ಈ ಅನಾಮಧೇಯನ ಮೇಲೆ ಹಣ ಹೂಡಿದವನು ಅವನೇ.

1973ರ ನವೆಂಬರಿನಲ್ಲಿ ‘ಪಿಯಾನೊ ಮ್ಯಾನ್’ ಸಂಪುಟ ಹೊರಬಂದಿತು. ಶೀರ್ಷಿಕೆಯ ಹಾಡು ಐದು ನಿಮಿಷ ಮೀರಿದ್ದುದರಿಂದ ರೇಡಿಯೊಗಾಗಿ ಅದನ್ನು ಕತ್ತರಿಸಿದರು. ಮುಂದಿನ ವರ್ಷದ ಸಂಪುಟದಲ್ಲಿ ‘ದಿ ಎಂಟರ್‌ಟೇನರ್’ ಎಂಬ ಹಾಡನ್ನು ಬರೆದು ಆತನು ಆ ಕತ್ತರಿಯನ್ನೇ ಅಣಕಿಸಿದನು.

ಆತನ ವೃತ್ತಿಯ ನಿಜವಾದ ತಿರುವು 1976ನೆಯ ಇಸವಿಯದು. ನ್ಯೂಯಾರ್ಕು ನಗರವು ಸಾಲದಲ್ಲಿ ಮುಳುಗಿ ದಿವಾಳಿಯ ಅಂಚಿಗೆ ಬಂದು, ಉಳ್ಳವರು ಊರು ಬಿಡುತ್ತಿದ್ದ ಕಾಲದಲ್ಲಿ, ಜೋಯೆಲನು ಕ್ಯಾಲಿಫೋರ್ನಿಯವನ್ನು ಬಿಟ್ಟು ಆ ಊರಿಗೇ ಮರಳಿದನು. ಹೊಸ ಸಂಪುಟಕ್ಕೆ ಜೇಮ್ಸ್ ಗುವರ್ಸಿಯೊ ಎಂಬ ಪ್ರಖ್ಯಾತ ನಿರ್ಮಾಪಕನು ಎಲ್ಟನ್ ಜಾನನ ತಂಡದ ವಾದ್ಯಗಾರರನ್ನೇ ಕೂಡಿಸಿಕೊಟ್ಟಿದ್ದನು. ಎಂಥವನಿಗಾದರೂ ಹೆಮ್ಮೆಯ ಸಂಗತಿ. ಆದರೆ ಮುದ್ರಣವನ್ನು ಕೇಳಿದ ಜೋಯೆಲನಿಗೆ ಅದು ತನ್ನದೆನಿಸಲಿಲ್ಲ. ಅದನ್ನೆಲ್ಲ ಬದಿಗೆ ಸರಿಸಿ, ಲಾಂಗ್ ಐಲೆಂಡಿನ ಕಡೆಯ ಹುಡುಗರನ್ನು, ಅಂದರೆ ಡ್ರಮ್ ಬಾರಿಸುವ ಲಿಬರ್ಟಿ ಡೆವಿಟೊ, ಬೇಸ್ ಗಿಟಾರಿನ ಡಗ್ ಸ್ಟೆಗ್‌ಮಯರ್, ಸ್ಯಾಕ್ಸೊಫೋನಿನ ರಿಚಿ ಕ್ಯಾನಾಟಾ ಇವರನ್ನು ಕೂಡಿಸಿಕೊಂಡು, ತಾನೇ ನಿರ್ಮಾಪಕನಾಗಿ ಎಲ್ಲವನ್ನೂ ಮೊದಲಿನಿಂದ ಮುದ್ರಿಸಿದನು. ‘ಟರ್ನ್‌ಸ್ಟೈಲ್ಸ್’ ಎಂಬ ಆ ಸಂಪುಟ ಹೆಚ್ಚು ಮಾರಾಟವಾಗಲಿಲ್ಲ. ಮುಂದಿನ ಸಂಪುಟಕ್ಕೆ ಬೀಟಲ್ಸ್ ತಂಡದ ನಿರ್ಮಾಪಕನಾಗಿದ್ದ ಜಾರ್ಜ್ ಮಾರ್ಟಿನ್ನನೇ ದೊರೆಯುವಂತಿದ್ದನು; ಆತನಿಗೆ ನುರಿತ ಕೂಲಿವಾದ್ಯಗಾರರು ಬೇಕಾಗಿದ್ದರು, ಈ ಹುಡುಗರು ಬೇಡವಾಗಿದ್ದರು. ಬೀಟಲ್ಸರನ್ನು ಕಂಡೇ ಈ ದಾರಿ ಹಿಡಿದವನಿಗೆ ಅದು ಎಷ್ಟು ದೊಡ್ಡ ಆಸೆಯಾಗಿದ್ದೀತೆಂಬುದನ್ನು ಊಹಿಸಬಹುದು. ಜೋಯೆಲನು ಒಲ್ಲೆನೆಂದನು.

ತಂಡವನ್ನು ಇದ್ದಂತೆಯೇ ಒಪ್ಪಿದವನು ಫಿಲ್ ರಮೋನ್. 1977ರ ಸೆಪ್ಟೆಂಬರಿನಲ್ಲಿ ಹೊರಬಂದ ‘ದಿ ಸ್ಟ್ರೇಂಜರ್’ ಆ ಕಂಪನಿಯ ಅಂದಿನವರೆಗಿನ ಮಾರಾಟದ ದಾಖಲೆಯನ್ನೇ ಮೀರಿತು; ಅಮೇರಿಕ ಒಂದರಲ್ಲಿಯೇ ಒಂದು ಕೋಟಿ ಪ್ರತಿಗಳಿಗೂ ಹೆಚ್ಚು ಖರ್ಚಾದುವು. ಅದರೊಳಗೆ ಏಳು ನಿಮಿಷ ಮೀರಿದ ಒಂದು ಹಾಡಿದೆ. ಇಟಲಿಯ ಅಡಿಗೆಯ ಊಟದ ಮನೆಯೊಂದರಲ್ಲಿ ಹಳೆಯ ಪರಿಚಿತರಿಬ್ಬರು ಕುಳಿತು, ಬೇಗ ಮದುವೆಯಾಗಿ ಬೇಗ ಬೇರೆಯಾದ ಜೋಡಿಯೊಂದರ ಮಾತನಾಡುವ ಕಥೆ ಅದು. ಮೂರು ಬೇರೆ ಬೇರೆ ತುಣುಕುಗಳನ್ನು ಹೊಲಿದು ಒಂದು ಮಾಡಿದ ಆ ರಚನೆಯಲ್ಲಿ ಪಿಯಾನೊ ಒಮ್ಮೆ ಮಾತನಾಡುವವನ ಮಗ್ಗುಲಲ್ಲಿ ಕುಳಿತಂತೆ, ಒಮ್ಮೆ ಬೀದಿಯಲ್ಲಿ ಓಡಿದಂತೆ ನಡೆಯುತ್ತದೆ. ಈ ಸಲ ಅದನ್ನು ಯಾರೂ ಕತ್ತರಿಸಲಿಲ್ಲ.

ಅಲ್ಲಿಂದ ಮುಂದಿನ ಹತ್ತು ವರ್ಷಗಳು ಗೆಲುವಿನವು. 1978ರ ‘ಫಿಫ್ಟಿಸೆಕೆಂಡ್ ಸ್ಟ್ರೀಟ್’ ಗ್ರ್ಯಾಮಿ ಪ್ರಶಸ್ತಿ ಪಡೆಯಿತು. 1982ರಲ್ಲಿ ಜಪಾನಿನಲ್ಲಿ ಸಿ.ಡಿ.ಯ ರೂಪದಲ್ಲಿ ಮಾರಾಟಕ್ಕೆ ಬಂದ ಮೊದಲ ಸಂಪುಟವೂ ಅದೇ. ವಿಮರ್ಶಕರು ಮಾತ್ರ ಒಲಿಯಲಿಲ್ಲ. ಆತನು ವೇದಿಕೆಯ ಮೇಲೆಯೇ ಪ್ರತಿಕೂಲ ವಿಮರ್ಶೆಗಳನ್ನು ಹರಿದೆಸೆದುದೂ ಉಂಟು. ಬೇರೆಯವರ ಧಾಟಿಗಳನ್ನು ತೊಟ್ಟು ನೋಡುವ ಚಪಲ ಆತನಿಗಿದ್ದುದು ಸುಳ್ಳಲ್ಲವಾದುದರಿಂದ ವಿಮರ್ಶಕರೆಲ್ಲರೂ ತಪ್ಪಿದರೆನ್ನಲಾಗದು. ಆದರೆ 1982ರ ‘ದಿ ನೈಲಾನ್ ಕರ್ಟನ್’ ಸಂಪುಟಕ್ಕೆ ಆ ಆಕ್ಷೇಪ ಸಲ್ಲದು. ಉಕ್ಕಿನ ಕಾರ್ಖಾನೆಗಳು ಮುಚ್ಚಿಕೊಳ್ಳುತ್ತಿದ್ದ ಪೆನ್ಸಿಲ್ವೇನಿಯದ ಕಾರ್ಮಿಕರ ಮೇಲಣ ‘ಆಲೆನ್‌ಟೌನ್’, ವಿಯೆಟ್ನಾಮ್ ಯುದ್ಧದಿಂದ ಬಂದವರ ನೆನಪಿನ ‘ಗುಡ್‌ನೈಟ್ ಸೈಗಾನ್’ ಇವೆರಡೂ, ಯುದ್ಧಕ್ಕೂ ಕಾರ್ಖಾನೆಗೂ ಹೋಗದ ಕವಿಯೊಬ್ಬನು ತನ್ನ ಓರಗೆಯವರಿಗೆ ಸಲ್ಲಿಸಿದ ಋಣ.

ಈ ನಡುವೆ ಹಣದ ವ್ಯವಹಾರವೆಲ್ಲ ಮೊದಲ ಹೆಂಡತಿಯ ಅಣ್ಣನಾದ ಫ್ರಾಂಕ್ ವೆಬರನ ಕೈಯಲ್ಲಿದ್ದಿತು. ಹೆಂಡತಿಯೊಡನೆ 1982ರಲ್ಲಿ ವಿಚ್ಛೇದನವಾದರೂ ಭಾವಮೈದುನನ ಮೇಲಣ ನಂಬಿಕೆ ಉಳಿದಿದ್ದಿತು. 1989ರಲ್ಲಿ ಲೆಕ್ಕ ತೆಗೆಸಿದಾಗ ಆತನು ಕಂಡುದೇನೋ, ವೆಬರನನ್ನು ಕೆಲಸದಿಂದ ತೆಗೆದು, ಮೋಸದ ಆರೋಪದ ಮೇಲೆ 9 ಕೋಟಿ ಡಾಲರುಗಳ ದಾವೆ ಹೂಡಿದನು. ಮರುವರ್ಷ ನ್ಯಾಯಾಲಯವು ಒಂದಂಶವೆಂದು 20 ಲಕ್ಷ ಡಾಲರುಗಳನ್ನು ಕೊಡಿಸಿತು. ಇಪ್ಪತ್ತೆರಡರಲ್ಲಿ ಅರಿಯದೆ ರುಜು ಹಾಕಿದವನು ನಲವತ್ತರಲ್ಲಿಯೂ ಓದದೆ ರುಜು ಹಾಕುತ್ತಿದ್ದನೆಂದಾಯಿತು.

1993ರಲ್ಲಿ ‘ರಿವರ್ ಆಫ್ ಡ್ರೀಮ್ಸ್’ ಬಂದಿತು. ಅದರ ಕೊನೆಯ ಹಾಡಿನ ಹೆಸರು ‘ಫೇಮಸ್ ಲಾಸ್ಟ್ ವರ್ಡ್ಸ್’, ಎಂದರೆ ಕಡೆಯ ನುಡಿಗಳು. ಅದು ನಿಜವೇ ಆಯಿತು. ನಲವತ್ತನಾಲ್ಕರ ವಯಸ್ಸಿನಲ್ಲಿ, ಕೀರ್ತಿಯ ನೆತ್ತಿಯಲ್ಲಿ ಹಾಡಿನ ಸಂಪುಟಗಳನ್ನು ಬರೆಯುವುದನ್ನು ಆತನು ನಿಲ್ಲಿಸಿಬಿಟ್ಟನು. ದಣಿದನೆಂದರು, ಬತ್ತಿದನೆಂದರು. ಬೇರೊಂದು ಕಾರಣವನ್ನು ಊಹಿಸುವುದು ಅನ್ಯಾಯವಾಗಲಾರದು. ಬರೆದುದೆಲ್ಲದರ ಮೇಲೆ ಯಾರಾದರೊಬ್ಬರ ಪಾಲು ಕುಳಿತಿದ್ದ ಮನುಷ್ಯನಿಗೆ, ಬರೆಯದೆ ಇರುವುದೊಂದೇ ಯಾರ ಅಪ್ಪಣೆಯೂ ಬೇಡದ ಸ್ವಾತಂತ್ರ್ಯವಾಗಿ ಕಂಡಿರಬಹುದು. 2001ರಲ್ಲಿ ಪ್ರಕಟವಾದ ‘ಫ್ಯಾಂಟಸೀಸ್ ಅಂಡ್ ಡೆಲ್ಯೂಷನ್ಸ್’ ಮಾತೇ ಇಲ್ಲದ ಶಾಸ್ತ್ರೀಯ ಪಿಯಾನೊ ಕೃತಿಗಳ ಸಂಪುಟ. ನುಡಿಸಿದವನು ರಿಚರ್ಡ್ ಜೂ ಎಂಬ ಬೇರೊಬ್ಬ ವಾದಕನು. ಮುದ್ರಣವಾದುದು ತಂದೆಯ ಊರಾದ ವಿಯೆನ್ನಾದಲ್ಲಿ.

ಇತಿಹಾಸವು ಒಮ್ಮೊಮ್ಮೆ ಕನ್ನಡಿಯನ್ನು ತಿರುಗಿಸಿ ಹಿಡಿಯುತ್ತದೆ. ಮೂವತ್ತು ವರ್ಷ ಡ್ರಮ್ ಬಾರಿಸಿದ ಲಿಬರ್ಟಿ ಡೆವಿಟೊ ತಂಡದಿಂದ ಹೊರಬಿದ್ದು, ತನಗೆ ಸಲ್ಲಬೇಕಾದ ಪಾಲು ಸಂದಿಲ್ಲವೆಂದು 2009ರಲ್ಲಿ ಜೋಯೆಲನ ಮೇಲೆಯೇ ದಾವೆ ಹೂಡಿದನು. ಜಾರ್ಜ್ ಮಾರ್ಟಿನ್ನನನ್ನು ಬಿಟ್ಟು ಯಾರನ್ನು ಉಳಿಸಿಕೊಂಡಿದ್ದನೋ ಅವರಲ್ಲೊಬ್ಬನು ಅವನು! ಮರುವರ್ಷ ಅದು ರಾಜಿಯಲ್ಲಿ ಮುಗಿಯಿತು.

ಹೊಸದನ್ನು ಬರೆಯದಿದ್ದರೂ ಕಛೇರಿಗಳು ನಿಲ್ಲಲಿಲ್ಲ. 2014ರ ಜನವರಿಯಿಂದ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನಿನಲ್ಲಿ ತಿಂಗಳಿಗೊಂದರಂತೆ ಹಾಡತೊಡಗಿ, ಆ ಮಂದಿರದಲ್ಲಿ ಒಟ್ಟು 150ನೆಯ ಕಛೇರಿಯನ್ನು 2024ರ ಜುಲೈ 25ರಂದು ಮುಗಿಸಿದನು. 2017ರ ಆಗಸ್ಟಿನಲ್ಲಿ, ವರ್ಜೀನಿಯದ ಶಾರ್ಲಟ್ಸ್‌ವಿಲ್ಲಿನಲ್ಲಿ ನವನಾಜಿಗಳು ಮೆರವಣಿಗೆ ಹೊರಟ ಕೆಲವೇ ದಿನಗಳಲ್ಲಿ, ಆತನು ಅದೇ ವೇದಿಕೆಯ ಮೇಲೆ ಅಂಗಿಗೆ ಹಳದಿಯ ನಕ್ಷತ್ರವನ್ನು ಹೊಲಿಸಿಕೊಂಡು ಕುಳಿತನು. ನಾಜಿಗಳ ಕಾಲದಲ್ಲಿ ಯಹೂದ್ಯರು ಧರಿಸಲೇಬೇಕಾಗಿದ್ದ ಗುರುತು ಅದು. ಅದನ್ನು ಕುರಿತು ಹಾಡನ್ನೇನೂ ಬರೆಯಲಿಲ್ಲ.

2024ರ ಫೆಬ್ರವರಿಯಲ್ಲಿ ‘ಟರ್ನ್ ದಿ ಲೈಟ್ಸ್ ಬ್ಯಾಕ್ ಆನ್’ ಎಂಬ ಹೊಸ ಹಾಡು ಬಂದಿತು. ಆತನಿಗಿಂತ ಬಹಳ ಕಿರಿಯನಾದ ಫ್ರೆಡ್ಡಿ ವೆಕ್ಸ್ಲರ್ ಎಂಬವನು ಬಾಗಿಲು ತಟ್ಟಿ ತಟ್ಟಿ ಹೊರಡಿಸಿದ ಹಾಡು. ರಚನೆಕಾರರಲ್ಲಿ ಜೋಯೆಲನ ಹೆಸರಿನೊಡನೆ ಬೇರೆಯವರ ಹೆಸರುಗಳೂ ಇವೆ. 2025ರ ಮೇ ತಿಂಗಳಲ್ಲಿ, ಮೆದುಳಿನೊಳಗೆ ನೀರು ತುಂಬುವ ರೋಗವೊಂದರಿಂದ ಶ್ರವಣ, ದೃಷ್ಟಿ, ದೇಹದ ತೂಕ ತಪ್ಪದೆ ನಿಲ್ಲುವ ಶಕ್ತಿ ಇವು ಕುಂದಿವೆಯೆಂದು ಪ್ರಕಟವಾಗಿ, ಗೊತ್ತಾಗಿದ್ದ ಕಛೇರಿಗಳೆಲ್ಲವೂ ರದ್ದಾದುವು.