ಮುಳುಗಿದ ಕಂಪನಿ, ಉಳಿದ ಮುಂಗಡ: ಬ್ರಿಟನ್ನಿನ ಗೃಹ ಇಂಧನ ಪೂರೈಕೆಯ ಒಂದು ಪರಿಶೀಲನೆ

ಕರ್ನಾಟಕದಲ್ಲಿ ಮನೆಗೆ ತಂತಿ ಎಳೆಯುವುದೂ ಬಿಲ್ ಕೊಡುವುದೂ ಬೆಸ್ಕಾಂ, ಹೆಸ್ಕಾಂನಂಥ ಒಂದೇ ಸಂಸ್ಥೆ. ಗ್ರೇಟ್ ಬ್ರಿಟನ್ನಿನಲ್ಲಿ ಹಾಗಲ್ಲ. ತಂತಿ, ಕೊಳವೆಗಳು ಜಾಲ ಕಂಪನಿಗಳ ಕೈಯಲ್ಲಿವೆ. ಪೂರೈಕೆ ಕಂಪನಿ ಸಗಟು ಮಾರುಕಟ್ಟೆಯಲ್ಲಿ ವಿದ್ಯುತ್ತು, ಅನಿಲ ಕೊಂಡು ಗ್ರಾಹಕರಿಗೆ ಮಾರುತ್ತದೆ, ಅಷ್ಟೆ. ಹೀಗಾಗಿ ಆ ಕಂಪನಿ ದಿವಾಳಿಯಾದರೂ ಮನೆಯ ದೀಪ ಆರುವುದಿಲ್ಲ. ಆತಂಕವೇನಿದ್ದರೂ ಕಟ್ಟಿಟ್ಟ ಮುಂಗಡದ್ದು.

2021ರ ದ್ವಿತೀಯಾರ್ಧದಲ್ಲಿ ಅನಿಲದ ಸಗಟು ಬೆಲೆ ವಿಪರೀತ ಏರಿತು. ಗ್ರಾಹಕರಿಂದ ಪಡೆಯಬಹುದಾದ ದರಕ್ಕೆ 2019ರ ಜನವರಿಯಿಂದ ಜಾರಿಯಲ್ಲಿದ್ದ ಮಿತಿ (ದರಮಿತಿ) ಆಗ ಆರು ತಿಂಗಳಿಗೊಮ್ಮೆ ಮಾತ್ರ ಬದಲಾಗುತ್ತಿತ್ತು. ಮುಂಚಿತವಾಗಿ ಇಂಧನ ಕೊಂಡಿಟ್ಟುಕೊಳ್ಳದಿದ್ದ ಸಣ್ಣ ಕಂಪನಿಗಳು ದುಬಾರಿಗೆ ಕೊಂಡು ಅಗ್ಗಕ್ಕೆ ಮಾರಬೇಕಾಯಿತು. ಒಂದು ವರ್ಷದೊಳಗೆ 29 ಕಂಪನಿಗಳು ಕುಸಿದವು. ಸುಮಾರು 40 ಲಕ್ಷ ಮನೆಗಳು ತೊಂದರೆಗೊಳಗಾದವು. ಆವ್ರೋ ಎನರ್ಜಿಯೊಂದರಲ್ಲೇ ಸುಮಾರು 5.8 ಲಕ್ಷ ಗ್ರಾಹಕರಿದ್ದರು.

ಇಂಥ ಹೊತ್ತಿನಲ್ಲಿ ನಿಯಂತ್ರಣ ಸಂಸ್ಥೆ ಆಫ್‌ಜೆಮ್ ಕೆಲವೇ ದಿನಗಳಲ್ಲಿ ಬೇರೊಂದು ಕಂಪನಿಯನ್ನು ನೇಮಿಸಿ ಗ್ರಾಹಕರನ್ನು ಅದರ ಸುಪರ್ದಿಗೆ ಒಪ್ಪಿಸುತ್ತದೆ. ಅಲ್ಲಿಯವರೆಗೆ ಗ್ರಾಹಕ ತಾನಾಗಿ ಕಂಪನಿ ಬದಲಿಸಬಾರದು. ಹೊಸ ಖಾತೆ ತೆರೆಯುವ ಮುನ್ನ ಬ್ಯಾಂಕಿನ ಡೈರೆಕ್ಟ್ ಡೆಬಿಟ್ಟನ್ನೂ ರದ್ದು ಮಾಡಬಾರದು. ಮಾಡಬೇಕಾದ ಕೆಲಸ ಒಂದೇ: ಮೀಟರಿನ ಅಂಕಿಯನ್ನು ಫೋಟೊ ತೆಗೆದು, ಹಳೆಯ ಬಿಲ್ಲುಗಳ ಜೊತೆ ಇಟ್ಟುಕೊಳ್ಳುವುದು. ಮುಳುಗಿದ ಕಂಪನಿಯ ಲೆಕ್ಕಪತ್ರ ಅಸ್ತವ್ಯಸ್ತವಾಗಿದ್ದರೂ ಮುಂಗಡ ಎಷ್ಟಿತ್ತೆಂದು ವಾದಿಸಲು ಗ್ರಾಹಕನ ಕೈಯಲ್ಲಿ ಉಳಿಯುವ ಆಧಾರ ಅದು. ಹೊಸ ದರ ಹಿಡಿಸದಿದ್ದರೆ ಆಮೇಲೆ ದಂಡವಿಲ್ಲದೆ ಬೇರೆಡೆಗೆ ಹೋಗಬಹುದು. ಮನೆ ಬಳಕೆದಾರರ ಮುಂಗಡಕ್ಕೆ ರಕ್ಷಣೆಯುಂಟು. ಹಾಗೆಂದು ಬಾಕಿ ಮನ್ನಾ ಆಗುವುದಿಲ್ಲ. ಸುಮಾರು 16 ಲಕ್ಷ ಗ್ರಾಹಕರಿದ್ದ ಬಲ್ಬ್ ಕಂಪನಿಯನ್ನು ಮಾತ್ರ ಹೀಗೆ ಬೇರೊಂದು ಕಂಪನಿಗೆ ಒಪ್ಪಿಸಲಾಗಲಿಲ್ಲ. 2021ರ ನವೆಂಬರಿನಲ್ಲಿ ಅದು ಸರ್ಕಾರದ ಹಣದಿಂದ ನಡೆಯುವ ವಿಶೇಷ ಆಡಳಿತಕ್ಕೆ ಒಳಪಟ್ಟು, 2022ರ ಡಿಸೆಂಬರಿನಲ್ಲಿ ಆಕ್ಟೋಪಸ್ ಎನರ್ಜಿಗೆ ಸೇರಿತು.

ಮುಂಗಡ ದೊಡ್ಡದಾಗುವುದೇಕೆ? ಬಹಳಷ್ಟು ಮನೆಗಳು ವರ್ಷವಿಡೀ ಸಮಕಂತು ಕಟ್ಟುತ್ತವೆ. ಬೇಸಿಗೆಯಲ್ಲಿ ಬಳಕೆ ಕಡಿಮೆ, ಹಣ ಕೂಡಿಬೀಳುತ್ತದೆ. ಚಳಿಗಾಲದಲ್ಲಿ ಅದು ಕರಗುತ್ತದೆ. ಈ ನಡುವಿನ ಹಣ ಎಷ್ಟೋ ಕಂಪನಿಗಳಿಗೆ ಬಡ್ಡಿಯಿಲ್ಲದ ಬಂಡವಾಳವಾಗಿತ್ತು. ಮುಂಗಡ ತುಂಬಿ ನಿಂತ ಶರತ್ಕಾಲದಲ್ಲೇ ಕಂಪನಿಗಳು ಸಾಲುಸಾಲಾಗಿ ಬಿದ್ದದ್ದರಿಂದ ನಷ್ಟ ಇನ್ನಷ್ಟು ಹಿಗ್ಗಿತು.

ಆ ನಷ್ಟವನ್ನು ತುಂಬಿದವರು ಎಲ್ಲ ಗ್ರಾಹಕರು. 2022ರ ಏಪ್ರಿಲಿನಲ್ಲಿ ದರಮಿತಿ (ಸಾಧಾರಣ ಬಳಕೆಯ ಮನೆಯ ವಾರ್ಷಿಕ ಬಿಲ್ಲಿನ ಲೆಕ್ಕದಲ್ಲಿ) 1,277 ಪೌಂಡಿನಿಂದ 1,971ಕ್ಕೆ ಏರಿದಾಗ, ಅದರಲ್ಲಿ 68 ಪೌಂಡು ಸತ್ತ ಕಂಪನಿಗಳ ಬಾಬ್ತು. ಅದನ್ನು ಬಹುಪಾಲು ವಿದ್ಯುತ್ತಿನ ನಿಶ್ಚಿತ ಶುಲ್ಕದಲ್ಲಿ ಸೇರಿಸಲಾಯಿತು. ದಿನಕ್ಕೆ ಸುಮಾರು 25 ಪೆನ್ಸ್ ಇದ್ದದ್ದು 45ಕ್ಕೆ ಜಿಗಿಯಿತು. ಬಳಕೆ ಎಷ್ಟೇ ಇರಲಿ, ಈ ಶುಲ್ಕ ತಪ್ಪದು. ಒಂದೇ ಕೋಣೆಯನ್ನು ಬೆಚ್ಚಗಿಟ್ಟುಕೊಂಡು ಬದುಕುವ ವೃದ್ಧೆಯೂ ಬಂಗಲೆಯ ಒಡೆಯನೂ ಒಂದೇ ಮೊತ್ತ ತೆತ್ತರು. ಮುಂಗಡದ ರಕ್ಷಣೆ ನ್ಯಾಯವಾದದ್ದೇ. ಅದರ ಹೊರೆ ಹಂಚಿದ ಬಗೆ ನ್ಯಾಯವಾಗಿತ್ತೆಂದು ನನಗನ್ನಿಸುವುದಿಲ್ಲ.

ಬಳಿಕ ಆಫ್‌ಜೆಮ್ ಬಂಡವಾಳದ ನಿಯಮ ತಂದಿತು: ಅನಿಲ, ವಿದ್ಯುತ್ತು ಎರಡನ್ನೂ ಪಡೆಯುವ ಪ್ರತಿ ಗ್ರಾಹಕನಿಗೆ 115 ಪೌಂಡಿನ ಗುರಿ. ಆದರೆ ಎಲ್ಲ ಕಂಪನಿಗಳೂ ಮುಂಗಡವನ್ನು ಬೇರೆ ಖಾತೆಯಲ್ಲಿಡಬೇಕೆಂಬ ಕಡ್ಡಾಯ ಬರಲಿಲ್ಲ. ಅಗತ್ಯ ಕಂಡಾಗ ನಿರ್ದಿಷ್ಟ ಕಂಪನಿಗೆ ಹಾಗೆ ಆದೇಶಿಸುವ ಅಧಿಕಾರವನ್ನಷ್ಟೇ ಸಂಸ್ಥೆ ಉಳಿಸಿಕೊಂಡಿತು. ಕಂಪನಿ ಸೊರಗುತ್ತಿರುವುದು ಸಮಯಕ್ಕೆ ಸರಿಯಾಗಿ ಕಣ್ಣಿಗೆ ಬಿದ್ದರೆ ಮಾತ್ರ ಈ ಅಧಿಕಾರದಿಂದ ಉಪಯೋಗ.