ಗ್ರಂಥಪ್ರೇಮವೂ ಗ್ರಂಥದಾನವೂ

ಗ್ರಂಥಪ್ರೇಮಿಗಳು ಎರಡು ತೆರನಾಗಿರುತ್ತಾರೆ. ಕೈಸೇರಿದ ಗ್ರಂಥವನ್ನು ಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕಿ, ವರುಷಕ್ಕೊಮ್ಮೆ ಮಹಾನವಮಿಯಲ್ಲಿ ಪೂಜೆಗೈದು ಸಂತೋಷಪಡುವವರು ಮೊದಲಿನ ತೆರನವರು. ತಾವು ಓದಿ ಕಂಡ ಸೊಗಸನ್ನು ಮತ್ತೊಬ್ಬರಿಗೆ ತೋರಿಸದ ಹೊರತು ಉಂಡ ಅನ್ನ ರುಚಿಸದವರು ಎರಡನೆಯ ತೆರನವರು. ಮೊದಲಿನವರ ದೆಸೆಯಿಂದಲೇ ಪ್ರಾಚೀನ ಗ್ರಂಥಗಳು ನಮ್ಮವರೆಗೆ ಬಂದು ಮುಟ್ಟಿರುವವು. ಆ ಉಪಕಾರವನ್ನು ಮರೆಯಲಾಗದು. ಆದರೆ ಎರಡನೆಯವರು ಹುಟ್ಟಿಬಾರದಿದ್ದರೆ ಆ ಕಾವಲೆಲ್ಲವೂ ನಿಷ್ಫಲವಾಗುವದು. ಈ ಮಾತಿಗೆ ದೃಷ್ಟಾಂತವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ನಮ್ಮ ಸೀಮೆಯಲ್ಲಿಯೇ ಅದು ದೊರೆಯುತ್ತದೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಈ ಪ್ರಾಂತದಲ್ಲಿ ಕನ್ನಡ ಮರಾಠಿಗಳೆರಡೂ ಬಾಯಲ್ಲಿ ಆಡುತ್ತವೆ. ಲಿಂಗವಂತರ ಮಠಗಳೂ ಜೈನರ ಬಸದಿಗಳೂ ನೆರೆಹೊರೆಯಾಗಿ ಬಾಳಿಕೊಂಡು ಬಂದಿವೆ. ಚಿಕ್ಕೋಡಿ ತಾಲೂಕಿನ ಸದಲಗಾ ಗ್ರಾಮದಲ್ಲಿ 1906ನೆಯ ಇಸವಿಯಲ್ಲಿ ಆದಿನಾಥ ನೇಮಿನಾಥ ಉಪಾಧ್ಯೆಯವರು ಜನಿಸಿದರು. ಸಂಸ್ಕೃತ ಪ್ರಾಕೃತಗಳಲ್ಲಿ ವ್ಯಾಸಂಗ ಮಾಡಿ, 1930ರಲ್ಲಿ ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿಯ ಅಧ್ಯಾಪಕರಾಗಿ ಸೇರಿ, ಮೂರು ದಶಕಗಳ ಕಾಲ ಅಲ್ಲಿಯೇ ಇದ್ದರು. ಪಾಠ ಹೇಳುವದು ಅವರ ಉದ್ಯೋಗ. ಕತ್ತಲೆಯಲ್ಲಿದ್ದ ಗ್ರಂಥಗಳನ್ನು ಬೆಳಕಿಗೆ ತರುವದು ಅವರ ವ್ರತ.

ಆ ವ್ರತದ ಮಹತ್ವವನ್ನು ವರಾಂಗಚರಿತವೆಂಬ ಸಂಸ್ಕೃತ ಕಾವ್ಯದ ಕಥೆಯು ಚೆನ್ನಾಗಿ ತಿಳಿಸುವದು. ಇದನ್ನು ಬರೆದ ಜಟಾಸಿಂಹನಂದಿಯ ಹೆಸರನ್ನು ನಮ್ಮ ಕವಿಗಳು ಮರೆತಿದ್ದಿಲ್ಲ. 941ರಲ್ಲಿ ಆದಿಪುರಾಣವನ್ನು ರಚಿಸಿದ ಪಂಪನು ಆತನನ್ನು ಸ್ಮರಿಸಿದ್ದಾನೆ; ಮುಂದೆ ಮೂರು ಶತಮಾನಗಳಷ್ಟು ಕಾಲ ಜನ್ನನವರೆಗಿನ ಕವಿಗಳು ಗೌರವದಿಂದ ನೆನೆದಿದ್ದಾರೆ. ಕೊಪ್ಪಳದ ಬೆಟ್ಟದ ಬಂಡೆಯ ಮೇಲೆ ಆತನ ಪಾದಗಳನ್ನೂ ಹೆಸರನ್ನೂ ಕೊರೆದಿರುವರು. ಹೀಗೆ ಕವಿಯ ಹೆಸರುಳಿದು ಕಾವ್ಯವು ಮಾತ್ರ ಕಾಣೆಯಾಗಿತ್ತು. ಅದು ಬೇರೊಬ್ಬ ಆಚಾರ್ಯನ ಕೃತಿಯೆಂದು ಎಣಿಸಿದ ವಿದ್ವಾಂಸರೂ ಇದ್ದರು. ಹಾಗಾದರೆ ಗ್ರಂಥವು ನಾಶವಾಗಿತ್ತೇ? ಇಲ್ಲ. ಕೊಲ್ಲಾಪುರದ ಲಕ್ಷ್ಮೀಸೇನ ಮಠದಲ್ಲಿ ತಾಡವೋಲೆಯ ಕಟ್ಟಿನೊಳಗೆ ಅದು ಸುಖವಾಗಿ ಮಲಗಿತ್ತು! ಉಪಾಧ್ಯೆಯವರು ಅದನ್ನು ಅಲ್ಲಿ ಗುರುತಿಸಿ, ಓಲೆಯೋಲೆಯನ್ನು ಪರಿಶೀಲಿಸಿ, 1938ರಲ್ಲಿ ಅಚ್ಚು ಮಾಡಿಸಿ ಲೋಕಕ್ಕೆ ಕೊಟ್ಟರು. ಮಠವು ಕಾಯ್ದಿಟ್ಟಿತು, ಮಠವೇ ತೋರಿಸಿತು, ವಿದ್ವಾಂಸನು ಹಂಚಿದನು. ಈ ಮೂರರಲ್ಲಿ ಒಂದು ತಪ್ಪಿದ್ದರೂ ಜಟಾಸಿಂಹನಂದಿಯು ಇಂದಿಗೂ ಬರಿಯ ಹೆಸರಾಗಿ ಉಳಿಯುತ್ತಿದ್ದನು.

ಅವರು ಸಂಪಾದಿಸಿದ ಇನ್ನೊಂದು ಮಹಾಗ್ರಂಥವು ಕುವಲಯಮಾಲೆ. 779ರಲ್ಲಿ ಉದ್ದ್ಯೋತನ ಸೂರಿಯು ರಾಜಸ್ಥಾನದ ಜಾಲೋರಿನಲ್ಲಿ ಪ್ರಾಕೃತದಲ್ಲಿ ಬರೆದ ಈ ಕಥೆಯೊಳಗೆ ಒಂದು ಪೇಟೆಯ ವರ್ಣನೆ ಬರುತ್ತದೆ. ದೇಶದೇಶದ ವರ್ತಕರು ತಮ್ಮ ತಮ್ಮ ನುಡಿಯಲ್ಲಿ ಮಾತಾಡುವ ಆ ಗದ್ದಲದಲ್ಲಿ ಕರ್ಣಾಟಕದವನ ಮಾತೂ ಕೇಳಿಸುತ್ತದೆ. ಇದರ ಒಂದು ಪ್ರತಿ ಜೈಸಲ್ಮೇರಿನ ತಾಡವೋಲೆ, ಇನ್ನೊಂದು ಪುಣೆಯ ಕಾಗದದ ಪ್ರತಿ. ಅವೆರಡನ್ನೂ ಹೋಲಿಸಿ ಶೋಧಿಸಿದ ಮೂಲವು 1959ರಲ್ಲಿ ಸಿಂಘೀ ಜೈನ ಗ್ರಂಥಮಾಲೆಯಲ್ಲಿ ಹೊರಬಿದ್ದಿತು. ಸದಲಗೆಯ ಮಗನೊಬ್ಬನು ಮರುಭೂಮಿಯ ಭಂಡಾರದ ಗ್ರಂಥವನ್ನು ಲೋಕಕ್ಕೆ ಹಂಚಿದನೆಂದರೆ ನಮಗೆ ಹೆಮ್ಮೆಯಲ್ಲವೇ? 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಲನಕ್ಕೆ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿ ಕನ್ನಡಿಗರು ಆ ಋಣವನ್ನು ಕಿಂಚಿತ್ತು ತೀರಿಸಿಕೊಂಡರು. 1975ರಲ್ಲಿ ಅವರು ಕಾಲವಾದರು.

ಶರಣ ಸಾಹಿತ್ಯದ ಇತಿಹಾಸವಾದರೂ ಇದಕ್ಕೆ ಹೊರತಲ್ಲ. ವಚನಗಳ ಕಟ್ಟುಗಳು ಮಠಗಳಲ್ಲಿಯೂ ಭಕ್ತರ ಮನೆಗಳಲ್ಲಿಯೂ ಇದ್ದವು. ಇದ್ದೂ ಜನಕ್ಕೆ ಇಲ್ಲದಂತಿದ್ದವು. ವಿಜಾಪುರದಲ್ಲಿ ವಕೀಲಿ ಮಾಡುತ್ತಿದ್ದ ಫ. ಗು. ಹಳಕಟ್ಟಿಯವರು ಊರೂರು ತಿರುಗಿ ಅವುಗಳನ್ನು ಕೂಡಿಸಿ 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿದರು. ಮುಂದೆ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿ, 1926ರಿಂದ ಶಿವಾನುಭವ ಪತ್ರಿಕೆಯನ್ನು ನಡೆಯಿಸಿದರು. ಈ ಕಾರ್ಯಕ್ಕಾಗಿ ಇದ್ದ ಮನೆಯನ್ನೇ ಮಾರಿದರೆಂಬ ಮಾತು ನಮ್ಮಲ್ಲಿ ಮನೆಮಾತಾಗಿದೆ. ಇಂದು ವಚನವೊಂದನ್ನು ಬಾಯಲ್ಲಿ ಹೇಳುವ ಬಾಲಕನೂ ಅವರಿಗೆ ಋಣಿಯು.

ಈಗ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳದೆ ಈ ಲೇಖನವನ್ನು ಮುಗಿಸಲಾರೆನು. ಪಾಠಶಾಲೆಯ ಅಭ್ಯಾಸ ಮುಗಿದ ಮೇಲೆ ಶ್ರೀಮಠದ ಗ್ರಂಥಗಳ ಕೀಲಿಕೈ ನನ್ನ ವಶಕ್ಕೆ ಬಂದಿತು. ಅದಕ್ಕೆ ಮುಂಚೆ ಕಡ ಒಯ್ದ ಪುಸ್ತಕಗಳು ಕೆಲವು ಮರಳಿ ಬಂದಿರಲಿಲ್ಲವಾದ್ದರಿಂದ, ಯಾರಿಗೂ ಏನನ್ನೂ ಕೊಡಬಾರದೆಂದು ನಿರ್ಧರಿಸಿಕೊಂಡೆನು. ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ರಾಯಬಾಗದ ಕಡೆಯ ವೃದ್ಧ ಶಾಲಾಮಾಸ್ತರರೊಬ್ಬರು ಬಂದು, ವಚನಗಳನ್ನು ಬರೆದ ಹಳೆಯ ಕಾಗದದ ಕಟ್ಟೊಂದನ್ನು ನಕಲು ಮಾಡಿಕೊಳ್ಳಲು ಅಪ್ಪಣೆ ಬೇಡಿದರು. “ಹೊರಗೆ ಒಯ್ಯುವದಿಲ್ಲ, ಬುದ್ಧಿ, ಇಲ್ಲಿಯೇ ಪಡಸಾಲೆಯಲ್ಲಿ ಕುಳಿತು ಬರೆದುಕೊಳ್ಳುವೆನು” ಎಂದರು. ನಾನು ಒಲ್ಲೆನೆಂದೆನು. ಅವರು ಮರುಮಾತಾಡದೆ ಗದ್ದುಗೆಗೆ ನಮಸ್ಕರಿಸಿ, ಪ್ರಸಾದ ತೆಗೆದುಕೊಂಡು ಹೋದರು. ಕೆಲವು ವರ್ಷಗಳ ಮೇಲೆ ಆ ಕಟ್ಟನ್ನು ಬಿಚ್ಚಿ ನೋಡಲಾಗಿ, ಮೇಲಿನ ಬಟ್ಟೆ ನೆಟ್ಟಗಿದ್ದು ಒಳಗೆ ಒರಲೆ ತಿಂದ ಮಣ್ಣು ಮಾತ್ರ ಉಳಿದಿತ್ತು. ಮಾಸ್ತರರು ಅಷ್ಟರಲ್ಲಿ ಲಿಂಗೈಕ್ಯರಾಗಿದ್ದರು. ಅಂದು ನಾನು ಹೂಂ ಎಂದಿದ್ದರೆ ಅವರ ಕೈಬರಹದ ಪ್ರತಿಯಾದರೂ ಇಂದು ಇರುತ್ತಿತ್ತು. ಕಡ ಒಯ್ದವರಿಂದ ಹೋದವು ನಾಲ್ಕಾರು ಅಚ್ಚಿನ ಪುಸ್ತಕಗಳು, ಅವು ಪೇಟೆಯಲ್ಲಿ ಮತ್ತೆ ಸಿಕ್ಕವು; ನನ್ನ ಕಾವಲಿನಿಂದ ಹೋದದ್ದು ಮತ್ತೆಲ್ಲಿಯೂ ಸಿಗಲಾರದು.

ಅಂದಿನಿಂದ ನಿತ್ಯಕ್ರಮವನ್ನು ಬದಲಿಸಿದೆನು. ಮುಂಜಾನೆಯ ಪೂಜೆಯಾದ ಮೇಲೆ ಕಪಾಟುಗಳನ್ನು ತೆರೆದಿಡುತ್ತೇನೆ. ಅಚ್ಚಿನ ಪುಸ್ತಕಗಳನ್ನು ಹೆಸರು, ಊರು, ದಿನಾಂಕ ಬರೆದುಕೊಂಡು ಕೊಡುವದು. ಓಲೆಯ ಕಟ್ಟುಗಳನ್ನು ಇಲ್ಲಿಯೇ ಕುಳಿತು ಓದಲು, ಚಿತ್ರ ತೆಗೆದುಕೊಳ್ಳಲು ಬಿಡುವದು. ಬಂದವರೊಡನೆ ನಾನೂ ಕುಳಿತು ಓದಿದ್ದರಿಂದ ನಾನು ಕಲಿತದ್ದು ಪಾಠಶಾಲೆಯಲ್ಲಿ ಕಲಿತದ್ದಕ್ಕಿಂತ ಕಡಿಮೆಯಲ್ಲ.

ಪ್ರಾಚೀನ ಲಿಪಿಕಾರರು ಗ್ರಂಥದ ಕೊನೆಯಲ್ಲಿ ಎಣ್ಣೆಯಿಂದ, ನೀರಿನಿಂದ, ಸಡಿಲು ಕಟ್ಟಿನಿಂದ, ಮೂರ್ಖನ ಕೈಯಿಂದ ಇದನ್ನು ಕಾಪಾಡಿರೆಂದು ಬೇಡಿಕೊಳ್ಳುತ್ತಿದ್ದರು. ಯಾರೂ ಬಿಚ್ಚದ ಬಿಗಿಯಾದ ಕಟ್ಟಿನಿಂದಲೂ ಕಾಪಾಡಿರೆಂದು ಅದಕ್ಕೆ ನಾನು ಸೇರಿಸುವೆನು. ಮಹೋತ್ಸವದ ಈ ವರ್ಷದಲ್ಲಿ ನಮ್ಮ ಸೀಮೆಯ ಮಠ, ಬಸದಿ, ಮನೆಗಳಲ್ಲಿರುವ ಕಟ್ಟುಗಳು ಒಂದೊಂದಾಗಿ ಬಿಚ್ಚಲಿ. ಬೇಡಿ ಬಂದವರು ಬರಿಗೈಯಲ್ಲಿ ಮರಳದಿರಲಿ ಎಂದು ಶ್ರೀಗುರುವಿನ ಚರಣಗಳಲ್ಲಿ ಪ್ರಾರ್ಥಿಸಿ ವಿರಮಿಸುವೆನು.